5 ಮಿ.ಮೀ. ವೇಡರ್ ಹಾಕಿದರೂ ಕಾಲು ಮರಗಟ್ಟಿದ್ದೇಕೆ?

ಪ್ರಶ್ನೆ: ನಮ್ಮೂರು ಗದಗ ಕಡೆ, ಈಗ ಇರುವುದು ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ. ಹೋದ ವರ್ಷ ಆಫೀಸಿನ ಗೆಳೆಯರ ಜೊತೆ ಎರಡು ಸಲ ಬಾತುಕೋಳಿ ಬೇಟೆಗೆ ಹೋಗಿದ್ದೆ. ಅಕ್ಟೋಬರ್ ಶುರುವಿನಲ್ಲಿ ಒಮ್ಮೆ, ನವೆಂಬರ್ ನಡುವೆ ಒಮ್ಮೆ. ಗೆಳೆಯರ ಹಳೇ ವೇಡರ್ (ನೀರಿಗಿಳಿಯಲು ಹಾಕುವ, ಬೂಟು ಕೂಡಿಸಿದ ಎದೆ ತನಕದ ಉಡುಪು) ಹಾಕಿಕೊಂಡಿದ್ದೆ, 5 ಮಿ.ಮೀ. ದಪ್ಪದ ನಿಯೋಪ್ರೀನ್ ರಬ್ಬರಿನದು. ಕಾರಿನಿಂದ ನೀರಿನ ಅಂಚಿಗೆ ಅರ್ಧ ಮೈಲಿ ನಡೆಯುವಷ್ಟರಲ್ಲಿ ಬೆವತು ತೊಪ್ಪೆಯಾದೆ. ಕೂತು ಅರ್ಧ ಗಂಟೆಗೆ ನಡುಕ ಹತ್ತಿತು. ಎರಡನೇ ಸಲ ಮೂರು ಜೊತೆ ಸಾಕ್ಸ್ ಹಾಕಿದ್ದೆ, ಆದರೂ ಕಾಲ್ಬೆರಳು ಮರಗಟ್ಟಿದವು. ತೊಡೆಸಂದಿನಲ್ಲಿ ನೀರೂ ಬಂತು ಅನಿಸುತ್ತದೆ. ಈ ಸಲ ನನ್ನದೇ ಒಂದು ಕೊಳ್ಳಬೇಕು, 400 ಡಾಲರ್ ತನಕ ಕೊಡಬಲ್ಲೆ. 5 ಮಿ.ಮೀ. ನಿಯೋಪ್ರೀನ್, 1600 ಗ್ರಾಂ ಬೆಚ್ಚನೆ ಪದರದ ಬೂಟು ತಗೊಂಡರೆ ಚಳಿಯೇ ಇಲ್ಲ ಅಂತ ಒಬ್ಬರು ಹೇಳುತ್ತಾರೆ. ಬೆವರಿನ ಹಬೆ ಹೊರಬಿಡುವ ‘ಬ್ರೀದಬಲ್’ ಬಟ್ಟೆಯದು ತಗೋ ಅಂತ ಇನ್ನೊಬ್ಬರು. ಅದು ಮೀನು ಹಿಡಿಯುವವರಿಗೆ ಮಾತ್ರ ಅಂತ ಮತ್ತೊಬ್ಬರು. ನನ್ನ ಹೆಂಡತಿಗೆ ಬೇರೆಯೇ ಚಿಂತೆ: ನೀರಿಗೆ ಬಿದ್ದರೆ ವೇಡರ್ ತುಂಬಿ ಎಳೆದುಕೊಂಡು ಹೋಗುತ್ತದಂತೆ, ನಿಜವೇ? ಒಮ್ಮೆ ಕೊಂಡರೆ ಹತ್ತು ವರ್ಷ ಬರಬೇಕು ಅನ್ನೋದು ನನ್ನ ಆಸೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 5 ಮಿ.ಮೀ. ಅಲ್ಲ, 1600 ಗ್ರಾಮೂ ಅಲ್ಲ. ‘ಗೆಳೆಯರ ಹಳೇ ವೇಡರ್’ ಅನ್ನುವ ಮಾತು. ಅವರೆಷ್ಟು ಎತ್ತರ, ನೀವೆಷ್ಟು ಎತ್ತರ? ಅವರ ಬೂಟಿನ ನಂಬರ್ ಎಷ್ಟು? ನೀವು ಬರೆದಿಲ್ಲ. ಬಹಳ ಜನ ಬರೆಯುವುದಿಲ್ಲ. ಬೆಚ್ಚಗಿರಬೇಕು, ಬಾಳಿಕೆ ಬರಬೇಕು ಅಂತ ಎರಡು ಬೇರೆ ಗುಣ ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡೂ ಕೆಡುವುದು ಒಂದೇ ಕಡೆಯಿಂದ, ಅಳತೆಯಿಂದ. ಬೂಟು ಬಿಗಿಯಾದರೆ ಕಾಲು ತಣ್ಣಗಾಗುತ್ತದೆ. ತೊಡೆಸಂದು ಬಿಗಿಯಾದರೆ ಹೊಲಿಗೆ ಬಿಡುತ್ತದೆ. ಬಟ್ಟೆ ಯಾವುದು, ದಪ್ಪ ಎಷ್ಟು ಅನ್ನೋದೆಲ್ಲ ಆಮೇಲಿನ ಮಾತು.

ನಾನು ಹದಿನಾಲ್ಕು ವರ್ಷದಿಂದ ಇದೇ ರಾಜ್ಯದ ಒಂದು ಬೇಟೆ ಸಾಮಾನಿನ ಅಂಗಡಿಯಲ್ಲಿ ರಿಪೇರಿ ಮೇಜಿನ ಹಿಂದೆ ಕೂತವನು. ಕೌಂಟರಿನವರು ಹೊಸ ವೇಡರ್ ನೋಡುತ್ತಾರೆ, ನಾನು ಸೋತು ಬಂದ ವೇಡರ್ ನೋಡುತ್ತೇನೆ. ಹಾಗಾಗಿ ನನ್ನ ಮಾತು ಸ್ವಲ್ಪ ಒಂದು ಕಡೆ ವಾಲಿರಬಹುದು. ಚೆನ್ನಾಗಿ ಬಾಳಿದ ವೇಡರ್ ನನ್ನ ಮೇಜಿಗೆ ಬರುವುದೇ ಇಲ್ಲವಲ್ಲ.

ಈ ಉಡುಪನ್ನು ನೋಡದವರಿಗಾಗಿ ಒಂದು ಮಾತು. ವೇಡರ್ ಅಂದರೆ ಬೂಟು, ಪ್ಯಾಂಟು, ಎದೆಯ ತನಕ ಬರುವ ಮುಂಗವಚ, ಎಲ್ಲ ಒಂದೇ ಆಗಿ ಕೂಡಿಸಿದ ನೀರು ಹೋಗದ ಉಡುಪು. ಭುಜದ ಮೇಲೆ ಪಟ್ಟಿ ಇರುತ್ತದೆ. ಬಾತು ಬೇಟೆಗಾರರು ಬೆಳಕು ಹರಿಯುವ ಮುಂಚೆ ಸೊಂಟದ ನೀರಿಗಿಳಿದು, ಹಕ್ಕಿಗಳನ್ನು ಸೆಳೆಯಲು ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಡುತ್ತಾರೆ. ಆಮೇಲೆ ಜೊಂಡಿನ ಮರೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಾರೆ. ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಇದು ಅಪರಾಧ. ನಿಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಲ್ಲಿ ನಿಂತು ನೋಡಬಹುದು, ಅಷ್ಟೆ. ಇಲ್ಲಿ ಇದು ಲೈಸೆನ್ಸು, ಸೀಸನ್ನು, ದಿನಕ್ಕೆ ಇಷ್ಟೇ ಹಕ್ಕಿ ಅನ್ನುವ ಲೆಕ್ಕದೊಳಗೆ ನಡೆಯುವ ಕೆಲಸ. 16 ವರ್ಷ ತುಂಬಿದ ಬೇಟೆಗಾರರು ಪ್ರತಿ ವರ್ಷ ಕೊಳ್ಳಬೇಕಾದ 25 ಡಾಲರಿನ ಕೇಂದ್ರ ಸರ್ಕಾರದ ಬಾತು ಸ್ಟಾಂಪು 1934ರಿಂದ ಇದೆ. ಅದರ ಹಣದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಜೌಗು ಭೂಮಿ ಉಳಿಸುವುದಕ್ಕೇ ಹೋಗುತ್ತದೆ.

ಇನ್ನು ನಿಮ್ಮ ಮೊದಲ ತೊಂದರೆ. ಬೆವರು, ಆಮೇಲೆ ನಡುಕ.

ಬಹಳ ಜನ ವೇಡರನ್ನು ಕಂಬಳಿ ಅಂದುಕೊಂಡಿದ್ದಾರೆ. ಅದು ಕಂಬಳಿ ಅಲ್ಲ, ಗೋಡೆ. ನೀರನ್ನು ಹೊರಗಿಡುವುದು ಅದರ ಕೆಲಸ. ಬಿಸಿ ಹುಟ್ಟುವುದು ನಿಮ್ಮ ಮೈಯಲ್ಲಿ, ಉಳಿಯುವುದು ಮೈಗೂ ಗೋಡೆಗೂ ನಡುವೆ ನಿಂತ ಒಣ ಗಾಳಿಯಲ್ಲಿ. ಅಲುಗಾಡದ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆ ನೀರು ಕೆರೆಯದಾದರೂ ಅಷ್ಟೆ, ನಿಮ್ಮ ಬೆವರಾದರೂ ಅಷ್ಟೆ.

ನಿಯೋಪ್ರೀನ್ ಅನ್ನೋದು ಗಾಳಿಗುಳ್ಳೆ ತುಂಬಿದ ರಬ್ಬರು. 1930ರಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಗುಳ್ಳೆಗಳ ಬಾಯಿ ಮುಚ್ಚಿರುವುದರಿಂದ ನೀರು ಒಳಗೆ ಬರುವುದಿಲ್ಲ. ಹಬೆ ಹೊರಗೂ ಹೋಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಇಡ್ಲಿ ಕಟ್ಟಿಕೊಟ್ಟ ಹಾಗೆ. ಬಿಚ್ಚಿ ನೋಡಿದರೆ ಕವರಿನ ಒಳಗೆಲ್ಲ ನೀರು. ನೀವು ಹೆಗಲ ಮೇಲೆ ಪ್ಲಾಸ್ಟಿಕ್ ಬಾತುಗಳ ಚೀಲ, ಕೈಯಲ್ಲಿ ಕೋವಿ ಹಿಡಿದು ಹೂಳಿನಲ್ಲಿ ಅರ್ಧ ಮೈಲಿ ನಡೆದಿರಿ. ಅದೇನು ವಾಕಿಂಗ್ ಅಲ್ಲ, ಗದ್ದೆ ಕೆಲಸ. ಒಳಗಿನ ಬಟ್ಟೆ ಪೂರ್ತಿ ನೆನೆಯಿತು. ಕೂತ ಮೇಲೆ ಮೈ ಬಿಸಿ ಕಡಿಮೆಯಾಯಿತು, ಒದ್ದೆ ಬಟ್ಟೆ ಮಾತ್ರ ಹಾಗೇ ಇತ್ತು. 5ರ ಬದಲು 7 ಮಿ.ಮೀ. ಹಾಕಿದ್ದರೆ ಇನ್ನೂ ಜಾಸ್ತಿ ಬೆವರುತ್ತಿದ್ದಿರಿ, ಅಲ್ವಾ?

ಹಾಗಂತ ನಿಯೋಪ್ರೀನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ದೋಣಿಯಲ್ಲಿ ಹೋಗಿ, ದೋಣಿಯಲ್ಲೇ ಕೂತು, ನವೆಂಬರ್ ಕೊನೆಯ ಮಂಜುಗಡ್ಡೆ ಸರಿಸಿಕೊಂಡು ಇಳಿಯುವವರಿಗೆ ಇವತ್ತಿಗೂ ನಾನು 5 ಮಿ.ಮೀ. ನಿಯೋಪ್ರೀನನ್ನೇ ಹೇಳುತ್ತೇನೆ. ಮೈ ಜೊತೆ ಹಿಗ್ಗುತ್ತದೆ. ಜೊಂಡಿನ ಕಡ್ಡಿ ಚುಚ್ಚಿದರೂ ಸುಲಭಕ್ಕೆ ತೂತಾಗುವುದಿಲ್ಲ. ತೂತಾಗಿ ಸ್ವಲ್ಪ ನೀರು ಬಂದರೂ ರಬ್ಬರಿನ ಗುಳ್ಳೆ ಒಂದಿಷ್ಟು ಬಿಸಿ ಹಿಡಿದಿಡುತ್ತದೆ. ಬೆಲೆಯೂ ಕಡಿಮೆ, 150ರಿಂದ 250 ಡಾಲರಿಗೆ ತಕ್ಕಮಟ್ಟಿಗೆ ಒಳ್ಳೆಯದೇ ಸಿಗುತ್ತದೆ.

ಬ್ರೀದಬಲ್ ಅನ್ನೋದು ಬೇರೆ ಜಾತಿ. ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ತೆಳು ಪೊರೆ ಅಂಟಿಸಿರುತ್ತಾರೆ. ಗೋರ್‌ಟೆಕ್ಸ್ ಹೆಸರು ಕೇಳಿರುತ್ತೀರಿ. 1969ರಲ್ಲಿ ಬಾಬ್ ಗೋರ್ ಟೆಫ್ಲಾನನ್ನು ರಪ್ಪನೆ ಎಳೆದು ಹಿಗ್ಗಿಸಿದಾಗ ಸಿಕ್ಕ ಪೊರೆ ಅದು. ಅದರ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಹಬೆ ತೂರುತ್ತದೆ. ಒಳಗೆ ಬಿಸಿ, ಹೊರಗೆ ತಂಪು ಇದ್ದಷ್ಟೂ ಹಬೆ ಹೊರಗೆ ಹೋಗುತ್ತದೆ. ‘ಮೀನು ಹಿಡಿಯುವವರಿಗೆ ಮಾತ್ರ’ ಅನ್ನೋ ಮಾತಿಗೂ ಒಂದು ಬೇರು ಇದೆ. ಮೊದಮೊದಲು ಬಂದವು ನಿಜಕ್ಕೂ ತೆಳ್ಳಗಿದ್ದವು, ಕಲ್ಲಿನ ಹೊಳೆಯಲ್ಲಿ ನಿಲ್ಲುವವರಿಗೆ ಮಾಡಿದಂಥವು. ಪಾದದ ಕಡೆ ಬರೀ ಸಾಕ್ಸಿನಂಥ ತುದಿ, ಬೂಟು ಬೇರೆ ಹಾಕಬೇಕಿತ್ತು. ಈಗ ಬಾತು ಬೇಟೆಗೆಂದೇ ದಪ್ಪ ಮಂಡಿ, ಕೂಡಿಸಿದ ರಬ್ಬರ್ ಬೂಟು, ಬಿಚ್ಚಿ ತೆಗೆಯುವ ಒಳಪದರ ಇರುವಂಥವು ಬಂದಿವೆ.

ಆದರೆ ಒಂದು ಎಚ್ಚರ. ಬ್ರೀದಬಲ್ ವೇಡರ್ ತಾನಾಗಿ ಒಂದು ಚೂರೂ ಬೆಚ್ಚಗಿರುವುದಿಲ್ಲ. ಅದು ಮಳೆ ಅಂಗಿಯ ಅಣ್ಣ, ಅಷ್ಟೇ. ಒಳಗೆ ಉಣ್ಣೆ, ಇಲ್ಲವೇ ಫ್ಲೀಸ್ ಅನ್ನುವ ಉಣ್ಣೆಯಂಥ ಕೃತಕ ಬಟ್ಟೆ ಹಾಕದೆ ನವೆಂಬರ್ ನೀರಿಗಿಳಿದರೆ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಇನ್ನೊಂದು: ಅದು ತೂತಾದರೆ ಐಸ್ ನೀರು ನೇರ ಬಟ್ಟೆಗೆ. ನಿಯೋಪ್ರೀನಿನ ಹಾಗೆ ಕ್ಷಮಿಸುವುದಿಲ್ಲ.

ಈಗ ಕಾಲ್ಬೆರಳಿನ ಕಥೆ. ಮೂರು ಜೊತೆ ಸಾಕ್ಸ್ ಅಂತ ಓದಿದ ತಕ್ಷಣ ಅಯ್ಯೋ ಅಂದೆ.

1600 ಗ್ರಾಂ ಅಂದರೆ ಬೂಟಿನ ತೂಕ ಅಲ್ಲ. ಒಳಗೆ ತುಂಬಿದ ಬೆಚ್ಚನೆ ಪದರವನ್ನು ಒಂದು ಚದರ ಮೀಟರ್ ಹಾಸಿದರೆ ಅಷ್ಟು ತೂಗುತ್ತದೆ ಅಂತ ಅರ್ಥ. ಹೆಚ್ಚಿನ ಬೂಟಿನಲ್ಲಿ ಹಾಕುವುದು ಥಿನ್ಸುಲೇಟ್. ನಮ್ಮದೇ ಮಿನೆಸೋಟದ 3ಎಂ ಕಂಪನಿಯ ಮಾಲು ಅದು. ಬಹಳ ತೆಳುವಾದ ಎಳೆಗಳ ನಡುವೆ ಗಾಳಿ ಹಿಡಿದಿಡುವುದು ಅದರ ಉಪಾಯ. ಗಾಳಿ ಇರಬೇಕು ಅಂದರೆ ಜಾಗ ಇರಬೇಕು. ನೀವು ಮೂರು ಸಾಕ್ಸ್ ತುರುಕಿದಿರಿ. ಪದರ ಅಪ್ಪಚ್ಚಿಯಾಯಿತು, ಗಾಳಿ ಹೋಯಿತು. ಅದರ ಜೊತೆಗೆ ಪಾದದ ರಕ್ತದ ಓಡಾಟವೂ ಕಡಿಮೆಯಾಯಿತು. ಬೆರಳಿಗೆ ಬಿಸಿ ತಲುಪಿಸುವುದು ರಕ್ತವೇ. ಅದನ್ನೇ ಹಿಸುಕಿ ಹಿಡಿದರೆ 1600 ಅಲ್ಲ, 3000 ಗ್ರಾಂ ಇದ್ದರೂ ಪ್ರಯೋಜನವಿಲ್ಲ.

ನನಗೂ ಇದು ಪೆಟ್ಟು ತಿಂದೇ ಗೊತ್ತಾದದ್ದು. ಮೊದಲ ಸೀಸನ್ನಿನಲ್ಲಿ ರಿಯಾಯಿತಿಗೆ ಸಿಕ್ಕಿತು ಅಂತ ಅರ್ಧ ಅಳತೆ ಚಿಕ್ಕ ಬೂಟಿನ ವೇಡರ್ ತಂದೆ. ಅಂಗಡಿಯಲ್ಲಿ ತೆಳು ಸಾಕ್ಸ್ ಹಾಕಿ ನೋಡಿದ್ದೆ, ಸರಿ ಇತ್ತು. ನೀರಿಗೆ ಇಳಿಯುವ ದಿನ ಉಣ್ಣೆ ಸಾಕ್ಸ್ ಹಾಕಿದೆ. ಎರಡು ಗಂಟೆ ಆದ ಮೇಲೆ ಎಡಗಾಲಿನ ಕಿರುಬೆರಳು ಇದೆಯೋ ಇಲ್ಲವೋ ತಿಳಿಯದಂತಾಯಿತು. ಕಾರಿಗೆ ಬಂದು ಬೂಟಿನಿಂದ ಕಾಲು ಎಳೆದರೆ ಬೆರಳು ಮೇಣದ ಹಾಗೆ ಬಿಳುಚಿಕೊಂಡಿತ್ತು, ಸಾಕ್ಸಿನ ಹೆಣಿಗೆ ಅಚ್ಚೊತ್ತಿದ ಹಾಗೆ ಮೂಡಿತ್ತು. ಬಿಸಿ ಏರುವಾಗ ಆದ ನೋವು ಇವತ್ತಿಗೂ ನೆನಪಿದೆ. ಈಗಲೂ ಚಳಿ ಬಂದರೆ ಮೊದಲು ದೂರು ಕೊಡುವುದು ಅದೇ ಬೆರಳು.

ಹಾಗಾಗಿ ಬೂಟು ನೋಡುವಾಗ ಬೇಟೆಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಒಂದು ತೆಳು ಸಾಕ್ಸ್, ಅದರ ಮೇಲೆ ಒಂದು ದಪ್ಪ ಮೆರಿನೋ ಉಣ್ಣೆ. ಅಷ್ಟೇ ಸಾಕು. ಹತ್ತಿ ಬೇಡವೇ ಬೇಡ, ನೆನೆದರೆ ಒಣಗುವುದಿಲ್ಲ. ಒಳಗೆ ಐದೂ ಬೆರಳು ಆಡಿಸಲು ಬರಬೇಕು. ಬೂಟಿನಲ್ಲಿ ಅರ್ಧ ನಂಬರ್ ಸಿಗದಿದ್ದರೆ ಮೇಲಿನದಕ್ಕೆ ಹೋಗಿ, ಕೆಳಗಿನದಕ್ಕಲ್ಲ. ತೀರ ದೊಡ್ಡದೂ ಬೇಡ. ಹೂಳು ಹಿಮ್ಮಡಿ ಹಿಡಿದುಕೊಂಡರೆ ಕಾಲು ಮಾತ್ರ ಮೇಲೆ ಬರುತ್ತದೆ, ಬೂಟು ಅಲ್ಲೇ ಕೂರುತ್ತದೆ. ನಾಟಿ ಗದ್ದೆಯಲ್ಲಿ ಕಾಲಿಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಮ್ಮಡಿ ಮೊದಲು ಎತ್ತಿ, ಸ್ವಲ್ಪ ತಿರುಗಿಸಿ ಕೀಳಬೇಕು. ಸುಮ್ನೆ ಬಲವಾಗಿ ಎಳೆದರೆ ಬೂಟೂ ವೇಡರೂ ಸೇರುವ ಜಾಗದ ಹೊಲಿಗೆ ಸಡಿಲವಾಗುತ್ತದೆ. ನಿಮ್ಮ ಬಳಕೆಗೆ 1000ದಿಂದ 1200 ಗ್ರಾಂ ಸಾಕು. 1600 ಗ್ರಾಮಿನ ಬೂಟಿನಲ್ಲಿ ಅರ್ಧ ಮೈಲಿ ನಡೆದರೆ ಮತ್ತೆ ಪಾದ ಬೆವರುತ್ತದೆ.

ಬಾಳಿಕೆ ವಿಷಯದಲ್ಲಿ ನನ್ನ ಹತ್ತಿರ ಹೇಳುವುದು ಜಾಸ್ತಿ ಇದೆ, ಯಾಕೆಂದರೆ ನನ್ನ ಹೊಟ್ಟೆಪಾಡು ಅದೇ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ 900 ಡೀನಿಯರ್, 1000 ಡೀನಿಯರ್ ಅಂತ ಬರೆದಿರುತ್ತದೆ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರಿಗೆ ಈ ಪದ ಹೊಸದಲ್ಲ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಸೀರೆಗೆ ಹೋಗುವ ಕಚ್ಚಾ ರೇಷ್ಮೆ ಎಳೆ 20, 22ರ ಆಸುಪಾಸು ಇದ್ದರೆ, ವೇಡರಿನ ಮಂಡಿಗೆ ಹಾಕುವುದು ನೂರಾರು ಡೀನಿಯರಿನ ದಾರ. ದಪ್ಪ ದಾರ ಮುಳ್ಳನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ನನ್ನ ಮೇಜಿಗೆ ಬರುವ ವೇಡರ್‌ಗಳಲ್ಲಿ ಬಟ್ಟೆ ಹರಿದು ಬಂದವು ಕಡಿಮೆ. ಹೊಲಿಗೆ ಬಿಟ್ಟು ಬಂದವೇ ಜಾಸ್ತಿ. ಅದರಲ್ಲೂ ತೊಡೆಸಂದು.

ಅಲ್ಲಿ ಏನಾಗುತ್ತದೆ ನೋಡಿ. ಮಾಮೂಲಿ ಹೊಲಿಗೆಯಲ್ಲಿ ನಾಲ್ಕು ತುಂಡು ಬಟ್ಟೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನೀವು ದೋಣಿ ಹತ್ತಲು ಕಾಲೆತ್ತಿದಾಗ, ಮಂಡಿಯೂರಿದಾಗ, ಎಲ್ಲ ಎಳೆತವೂ ಆ ಬಿಂದುವಿಗೆ ಬೀಳುತ್ತದೆ. ವೇಡರ್ ಗಿಡ್ಡವಾದರೆ ಪ್ರತಿ ಹೆಜ್ಜೆಗೂ ಎಳೆತ. ಉದ್ದವಾದರೆ ಇನ್ನೊಂದು ಕಾಟ: ತೊಡೆಸಂದು ಕೆಳಗೆ ಜೋತು ಬಿದ್ದು ಎರಡು ಕಾಲಿನ ಬಟ್ಟೆ ಒಂದಕ್ಕೊಂದು ಉಜ್ಜುತ್ತಲೇ ಇರುತ್ತದೆ. ನೀರು ಬರದಂತೆ ಹೊಲಿಗೆಯ ಒಳಗಡೆ ಅಂಟಿಸಿದ ಟೇಪು ಮೊದಲು ಬಿಳಿಯಾಗುತ್ತದೆ, ಆಮೇಲೆ ಏಳುತ್ತದೆ. ನಿಮ್ಮ ಗೆಳೆಯರು ನಿಮಗಿಂತ ಅರ್ಧ ಅಡಿ ಎತ್ತರ ಇದ್ದರೆ ಅವರ ವೇಡರಿನಲ್ಲಿ ನಿಮಗೆ ಆದದ್ದು ಇದೇ ಇರಬೇಕು.

ಕೊಳ್ಳುವಾಗ ತೊಡೆಸಂದನ್ನು ಒಳಮುಖ ಮಾಡಿ ನೋಡಿ. ಪೈಜಾಮಕ್ಕೆ ಟೈಲರು ಚೌಕದ ತುಂಡು ಇಟ್ಟು ಹೊಲಿದಂತೆ ಅಲ್ಲಿ ಪ್ರತ್ಯೇಕ ತುಂಡು ಇದ್ದರೆ ಒಳ್ಳೆಯದು. ಹೊಲಿಗೆಗಳು ಒಂದೇ ಕಡೆ ಸೇರದೆ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಬೇಟೆಗೆ ಹಾಕುವ ಬಟ್ಟೆ ಎಲ್ಲ ಹಾಕಿಕೊಂಡು ವೇಡರ್ ಏರಿಸಿ. ಕುರ್ಚಿಯ ಮೇಲೆ ಒಂದು ಕಾಲಿಡಿ. ಪೂರ್ತಿ ಕುಕ್ಕರಗಾಲಲ್ಲಿ ಕೂರಿ. ಭುಜದ ಪಟ್ಟಿ ಎಳೆಯಬಾರದು, ಮಂಡಿಗೆಂದು ಹೊಲಿದ ದಪ್ಪ ತುಂಡು ಮಂಡಿಯ ಮೇಲೇ ಇರಬೇಕು. ಅಂಗಡಿಯವರು ನೋಡುತ್ತಾರೆ ಅಂತ ನಾಚಿಕೆ ಬೇಡ, ನಾವು ದಿನಾ ನೋಡುತ್ತೇವೆ.

ನಮ್ಮವರಿಗೆ ಒಂದು ವಿಶೇಷ ಕಷ್ಟ ಇದೆ. ಇಲ್ಲಿನ ಅಳತೆ ಉದ್ದ ಕಾಲಿನವರಿಗೆ ಮಾಡಿದ್ದು. ಐದೂವರೆ ಅಡಿಯ, ಸ್ವಲ್ಪ ಹೊಟ್ಟೆ ಇರುವ ನನ್ನಂಥವನು ಹೊಟ್ಟೆ ನೋಡಿ ‘ಲಾರ್ಜ್’ ತಗೊಂಡರೆ ಕಾಲು ಅರ್ಧ ಅಡಿ ಮಡಿಕೆ ಬೀಳುತ್ತದೆ. ‘ಶಾರ್ಟ್’ (ಗಿಡ್ಡ ಕಾಲಿನವರಿಗೆ), ‘ಸ್ಟೌಟ್’ (ದಪ್ಪ ಮೈಯವರಿಗೆ) ಅನ್ನುವ ಅಳತೆಗಳು ಬೇರೆ ಇವೆ. ಕೌಂಟರಿನಲ್ಲಿ ಕಾಣದಿದ್ದರೆ ಕೇಳಿ ತರಿಸಿ. ಬೆಲೆ ಅಷ್ಟೇ. ಹೆಂಗಸರ ಅಳತೆಯ ವೇಡರ್‌ಗಳೂ ಬಂದಿವೆ. ಗಂಡಸರದ್ದೇ ಚಿಕ್ಕದು ಕೊಡುತ್ತೇವೆ ಅಂದರೆ ಒಪ್ಪಬೇಡಿ.

ಒಳಗೆ ಒದ್ದೆಯಾಗಿತ್ತು ಅಂದಿರಿ. ಅದು ತೂತೋ ಬೆವರೋ ನನಗೆ ಇಲ್ಲಿಂದ ಹೇಳಲು ಬರುವುದಿಲ್ಲ. ಗುರುತು ಹಿಡಿಯುವ ದಾರಿ ಹೇಳುತ್ತೇನೆ. ಬೆವರು ಎಲ್ಲ ಕಡೆ ಸಮನಾಗಿ ಒದ್ದೆ ಮಾಡುತ್ತದೆ, ಮೊಣಕಾಲಿನ ಕೆಳಗೆ ಸ್ವಲ್ಪ ಜಾಸ್ತಿ. ತೂತಿನ ನೀರು ಒಂದು ಕಡೆಯಿಂದ ಶುರುವಾಗುತ್ತದೆ, ಮುಟ್ಟಿದರೆ ಐಸಿನಂತಿರುತ್ತದೆ. ‘ಲೀಕ್ ಆಗ್ತಿದೆ’ ಅಂತ ನನ್ನ ಹತ್ತಿರ ಬಂದ ಎಷ್ಟೋ ನಿಯೋಪ್ರೀನ್ ವೇಡರ್‌ಗಳಲ್ಲಿ ತೂತೇ ಇರಲಿಲ್ಲ. ತೂತು ಹುಡುಕುವುದು ನಮ್ಮೂರ ಪಂಕ್ಚರ್ ಅಂಗಡಿಯ ವಿದ್ಯೆ. ವೇಡರಿನ ಬಾಯಿ ಸುತ್ತಿ ಮುಚ್ಚಿ ಒಳಗೆ ಗಾಳಿ ತುಂಬಿ, ಹೊಲಿಗೆಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ತೂತು. ಗೋರ್‌ಟೆಕ್ಸ್ ಆದರೆ ಇನ್ನೂ ಸುಲಭ. ಒಳಮುಖ ಮಾಡಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಆಲ್ಕೊಹಾಲ್ ಚಿಮುಕಿಸಿ. ತೂತು ಇದ್ದ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ವೇಡರಿಗೆ ನೀರು ತುಂಬಿ ನೇತುಹಾಕಿ ನೋಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಆ ಭಾರಕ್ಕೆ ಚೆನ್ನಾಗಿದ್ದ ಹೊಲಿಗೆಯೂ ಬಿಡುತ್ತದೆ.

ಹತ್ತು ವರ್ಷ ಬರುತ್ತದಾ? ವರ್ಷದ ಲೆಕ್ಕ ಬಿಡಿ, ದಿನದ ಲೆಕ್ಕ ಹಿಡಿಯಿರಿ. ಸೀಸನ್ನಿಗೆ ಆರು ದಿನ ಹೋಗುವವರದ್ದು ಬಹಳ ಕಾಲ ಬರಬಹುದು. ಜನರನ್ನು ಕರೆದೊಯ್ಯುವ ಗೈಡುಗಳು ಸೀಸನ್ ತುಂಬ ದಿನಾ ಹಾಕುತ್ತಾರೆ, ಎರಡೇ ವರ್ಷಕ್ಕೆ ನನ್ನ ಮುಂದೆ ನಿಲ್ಲುತ್ತಾರೆ. ಆರು ದಿನದವರ ವೇಡರ್ ಸಾಯುವುದು ಕೆರೆಯಲ್ಲಲ್ಲ, ಗ್ಯಾರೇಜಿನಲ್ಲಿ. ಒದ್ದೆ ಇರುವಾಗಲೇ ಮಡಚಿ ಡಬ್ಬಕ್ಕೆ ತುರುಕುತ್ತಾರೆ, ಮುಂದಿನ ಸೆಪ್ಟೆಂಬರ್‌ಗೆ ತೆಗೆಯುತ್ತಾರೆ. ಮಡಿಕೆ ಇದ್ದ ಕಡೆಯೆಲ್ಲ ರಬ್ಬರು ಬಿರುಕು. ಒಳಮುಖ ಮಾಡಿ ಒಣಗಿಸಿ, ಬೂಟು ಮೇಲೆ ಬರುವ ಹಾಗೆ ನೇತುಹಾಕಿ. ಹೀಟರ್, ಫ್ರಿಜ್ಜು, ಮೋಟಾರು ಇರುವ ಕಡೆ ಬೇಡ. ಬಿಸಿಯೂ, ಮೋಟಾರಿನಿಂದ ಹುಟ್ಟುವ ಓಝೋನ್ ಅನಿಲವೂ ರಬ್ಬರನ್ನು ತಿನ್ನುತ್ತವೆ. ಒಂದು ಸಲ ಒಬ್ಬರ ಬೂಟಿನೊಳಗೆ ಇಲಿ ಸಂಸಾರ ಹೂಡಿತ್ತು. ಅವರು ಅದರಲ್ಲಿ ಕಾಲಿಟ್ಟ ಮೇಲೇ ಗೊತ್ತಾದದ್ದು.

ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. 2007ರಲ್ಲಿ ನಮ್ಮ ರಾಜ್ಯದ ಉತ್ತರದ ವಿನ್ನಿಬಿಗೋಶಿಶ್ ಸರೋವರದಲ್ಲಿ ಸಾವಿರಾರು ಬಾತುಗಳು ಸತ್ತವು. ಹೊರಗಿನಿಂದ ಬಂದ ಒಂದು ಪುಟ್ಟ ಬಸವನಹುಳು ಕಾರಣ. ಅದರೊಳಗಿನ ಪರೋಪಜೀವಿ ಹುಳು ಅದನ್ನು ತಿಂದ ಬಾತಿನ ಕರುಳು ಹಿಡಿಯುತ್ತದೆ. ಅಂಥ ಬಸವನಹುಳು ಬೂಟಿನ ಕೆಸರಿನಲ್ಲಿ ಕೂತು ಇನ್ನೊಂದು ಕೆರೆಗೆ ಹೋಗಬಹುದು. ಕೆಸರು ತೆಗೆದು ಪೂರ್ತಿ ಒಣಗಿಸಿ. ಬ್ರೀದಬಲ್ ಬೇಗ ಒಣಗುತ್ತದೆ, ಅದೂ ಒಂದು ಲಾಭ.

ಈಗ ನಿಮ್ಮ ಮನೆಯವರ ಪ್ರಶ್ನೆ. ಇದನ್ನು ಅವರಿಗೂ ಓದಿ ಹೇಳಿ.

ವೇಡರಿಗೆ ನೀರು ತುಂಬಿದರೆ ಕಲ್ಲಿನ ಹಾಗೆ ಮುಳುಗಿಸುತ್ತದೆ ಅನ್ನೋದು ಹಳೇ ನಂಬಿಕೆ. ನೀರಿನೊಳಗೆ ನೀರಿಗೆ ಭಾರವಿಲ್ಲ. ಬಾವಿಯ ಕೊಡ ನೆನಪಿಸಿಕೊಳ್ಳಿ. ನೀರಿನ ಒಳಗಿದ್ದಷ್ಟು ಹೊತ್ತು ಹಗುರ, ಮೇಲೆ ಬಂದ ಮೇಲೆ ಹಗ್ಗ ಬಿಗಿಯುತ್ತದೆ. ಕಾಲಿನಲ್ಲಿ ಗಾಳಿ ತುಂಬಿ ತಲೆಕೆಳಗಾಗುತ್ತಾರೆ ಅನ್ನೋದೂ ಹಾಗೆಯೇ. ಲೀ ವುಲ್ಫ್ ಎಂಬ ಅಮೆರಿಕದ ಹೆಸರಾಂತ ಮೀನುಗಾರ ಅದನ್ನು ಸುಳ್ಳು ಮಾಡಿ ತೋರಿಸಲು ವೇಡರ್ ಹಾಕಿಕೊಂಡೇ ಸೇತುವೆ ಮೇಲಿಂದ ಹೊಳೆಗೆ ಹಾರಿ, ಈಜಿ ದಡ ಸೇರಿದ್ದರು. ನೀವು ಹಾರಬೇಡಿ.

ಹಾಗಾದರೆ ಭಯ ಬೇಡವೇ? ಬೇಕು, ಆದರೆ ಬೇರೆ ಭಯ. ಕೊಲ್ಲುವುದು ತಣ್ಣೀರು. ಕೆನಡದ ಮನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ 1-10-1 ಲೆಕ್ಕ ಇಲ್ಲಿನ ಬೇಟೆಗಾರರಿಗೆ ಬಾಯಿಪಾಠ. ಐಸಿನಂಥ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಮುಂದಿನ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಬಹಳ ಜನ ಮುಳುಗುವುದು ಮೊದಲ ನಿಮಿಷದಲ್ಲಿ, ಗಾಬರಿಗೆ ನೀರು ಕುಡಿದು.

ನನಗೂ ಒಮ್ಮೆ ಆಗಿದೆ. ಮಸ್ಕ್‌ರ್ಯಾಟ್ ಅನ್ನುವ ನೀರಿಲಿ ಜೊಂಡಿನ ಬುಡದಲ್ಲಿ ಕಾಲುವೆ ತೋಡುತ್ತದೆ, ಮೇಲಿಂದ ಕಾಣುವುದಿಲ್ಲ. ಮಂಡಿ ನೀರಿನಲ್ಲಿ ನಡೆಯುತ್ತಿದ್ದವನು ಒಂದು ಹೆಜ್ಜೆಗೆ ಕತ್ತಿನ ತನಕ ಇಳಿದೆ. ಎದೆ ಮೇಲೆ ಯಾರೋ ಕೂತ ಹಾಗಾಯಿತು, ಕೂಗಲು ದನಿ ಬರಲಿಲ್ಲ. ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿದ್ದೆ. ಎದೆಯ ಭಾಗಕ್ಕೆ ನೀರು ನುಗ್ಗಿತು, ಕಾಲಿಗೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಕಾಲಿನ ಗಾಳಿ ತೇಲಿಸಿತು. ಅಂಗಾತ ತಿರುಗಿ ಜೊಂಡು ಹಿಡಿದು ದಡ ಕಂಡೆ. ದಡ ಹತ್ತುವಾಗ ಮಾತ್ರ ಆ ಕೊಡದ ಭಾರ ಗೊತ್ತಾಯಿತು.

ಹಾಗಾಗಿ ಬೆಲ್ಟ್ ಇಲ್ಲದೆ ನೀರಿಗೆ ಇಳಿಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈ ಮೇಲಿರಬೇಕು. ನಿಮ್ಮಿಂದ ಒಂದು ಗಂಟೆ ದಾರಿಯ ವಿನೋನಾ ಕಡೆ ಹೋದರೆ ಹಳಬರು 1940ರ ನವೆಂಬರ್ 11ರ ಮಾತು ತೆಗೆಯುತ್ತಾರೆ. ಬೆಳಗ್ಗೆ ಹದವಾದ ಹವೆ ಇತ್ತು. ಮಿಸಿಸಿಪ್ಪಿಯ ನಡುಗಡ್ಡೆಗಳಿಗೆ ಬೇಟೆಗಾರರು ತೆಳು ಅಂಗಿಯಲ್ಲಿ ಹೋದರು. ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಎದ್ದಿತು. ಮಿನೆಸೋಟದಲ್ಲೇ 49 ಮಂದಿ ಸತ್ತರು, ಅವರಲ್ಲಿ ಅರ್ಧದಷ್ಟು ಬಾತು ಬೇಟೆಗಾರರು. ಕೆಲವರು ಮುಳುಗಿದರು, ಬಹಳ ಮಂದಿ ನೆನೆದ ಬಟ್ಟೆಯಲ್ಲಿ ಮರಗಟ್ಟಿ ಹೋದರು. ಮ್ಯಾಕ್ಸ್ ಕಾನ್ರಾಡ್ ಎಂಬ ವಿನೋನಾದ ಪೈಲಟ್ ಆ ಗಾಳಿಯಲ್ಲೇ ಪುಟ್ಟ ವಿಮಾನ ಹಾರಿಸಿ ಬದುಕಿದ್ದವರನ್ನು ಹುಡುಕಿ ಊಟ, ಬೆಂಕಿಪೊಟ್ಟಣ ಎಸೆದರು. ಹೋಗುವ ಮುಂಚೆ ಹವಾಮಾನ ನೋಡಿ. ಒಂದು ಜೊತೆ ಒಣ ಬಟ್ಟೆ ನೀರು ಹೋಗದ ಚೀಲದಲ್ಲಿ ನಿಮ್ಮ ಜೊತೆಗೇ ಇರಲಿ. ಕಾರಿನಲ್ಲಿ ಬಿಟ್ಟರೆ ಅರ್ಧ ಮೈಲಿ ದೂರ.

ನಿಮ್ಮ 400 ಡಾಲರಿಗೆ ನಾನಾಗಿದ್ದರೆ ಏನು ಕೊಳ್ಳುತ್ತಿದ್ದೆ? ಒಳಪದರ ಬಿಚ್ಚಿ ತೆಗೆಯಬಹುದಾದ ಬ್ರೀದಬಲ್, ಕೂಡಿಸಿದ ಬೂಟು, 1000 ಅಥವಾ 1200 ಗ್ರಾಂ. ಅಕ್ಟೋಬರಿನಲ್ಲಿ ಒಳಪದರ ತೆಗೆದಿಡಿ, ನವೆಂಬರಿನಲ್ಲಿ ಹಾಕಿ. ಇದರ ಅಪಾಯ ಹೇಳಿದೆನಲ್ಲ: ಮುಳ್ಳುತಂತಿ, ನಾಯಿಯ ಉಗುರು, ಎರಡಕ್ಕೂ ಇದು ಬೇಗ ಸೋಲುತ್ತದೆ. 800, 1000 ಡಾಲರಿನವೂ ಇವೆ. ಅವುಗಳಲ್ಲಿ ಹೊಲಿಗೆ ಚೆನ್ನಾಗಿರುತ್ತದೆ, ಕೆಲವು ಕಂಪನಿಗಳು ವಾಪಸು ತಗೊಂಡು ರಿಪೇರಿಯೂ ಮಾಡಿಕೊಡುತ್ತವೆ. ಸೀಸನ್ನಿಗೆ ಎರಡು ಮೂರು ಸಲ ಹೋಗುವವರಿಗೆ ಅದು ದುಂದು. 250 ಡಾಲರಿಗೇ ಮುಗಿಸಬೇಕು ಅಂದರೆ 3.5 ಮಿ.ಮೀ. ನಿಯೋಪ್ರೀನ್ ತಗೊಳ್ಳಿ, ದಾರಿಯಲ್ಲಿ ಸೊಂಟದ ತನಕ ಇಳಿಸಿಕೊಂಡು ನಿಧಾನಕ್ಕೆ ನಡೆಯಿರಿ. ಯಾವುದೇ ಇರಲಿ, ಫ್ಲೀಸು, ಜಾಕೆಟ್ಟು ಚೀಲದಲ್ಲಿ ಹೊತ್ತುಕೊಂಡು ಹೋಗಿ. ಕೂತ ಮೇಲೆ ಹಾಕಿ. ನಡೆಯುವಾಗ ಸ್ವಲ್ಪ ಚಳಿ ಆಗುತ್ತಿದ್ದರೆ ಬಟ್ಟೆ ಸರಿಯಾಗಿದೆ ಅಂತ ಲೆಕ್ಕ. ಸೆಕೆಂಡ್ ಹ್ಯಾಂಡ್ ನಾನು ಹೇಳುವುದಿಲ್ಲ. ಹೊಲಿಗೆಯ ವಯಸ್ಸು ಫೋಟೊದಲ್ಲಿ ಕಾಣುವುದಿಲ್ಲ.

ವೇಡರಿಗೆ ಸಂಬಂಧವಿಲ್ಲದ ಒಂದು ಮಾತು, ನೀವು ಕೇಳದಿದ್ದರೂ. ಎಚ್-1ಬಿ ಥರದ ವೀಸಾದಲ್ಲಿ ಇದ್ದರೆ ಕೋವಿ, ಗುಂಡು ಹತ್ತಿರ ಇಟ್ಟುಕೊಳ್ಳುವುದೇ ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗೆಳೆಯರ ಕೋವಿ ಐದು ನಿಮಿಷ ಹಿಡಿದರೂ ಈ ಮಾತು ನಿಮಗೆ ಅನ್ವಯಿಸುತ್ತದೆ. ಲೈಸೆನ್ಸ್ ಮೊದಲು, ವಕೀಲರ ಹತ್ತಿರ ಒಂದು ಮಾತು ಕೇಳಿ, ಆಮೇಲೆ ವೇಡರ್.

ಕೊನೆಗೆ, ಆ ಹಳೇ ವೇಡರನ್ನು ಗೆಳೆಯರಿಗೆ ಹಾಗೇ ಹಿಂದಿರುಗಿಸಬೇಡಿ. ಸೋಪಿನ ನೀರು ಹಚ್ಚಿ ತೊಡೆಸಂದು ನೋಡಿ. ಗುಳ್ಳೆ ಎದ್ದರೆ ಗುರುತು ಮಾಡಿ, ಪೂರ್ತಿ ಒಣಗಿಸಿ, ಅಕ್ವಾಸೀಲ್ ಥರದ ಯುರಿಥೇನ್ ಅಂಟು ಎರಡೂ ಕಡೆಗೆ ಅರ್ಧ ಇಂಚು ಹೆಚ್ಚೇ ಬರುವ ಹಾಗೆ ಸವರಿ. ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಉಳಿದ ಟ್ಯೂಬನ್ನು ಮುಚ್ಚಳ ಬಿಗಿದು ಫ್ರೀಜರಿನಲ್ಲಿಡಿ, ಇಲ್ಲದಿದ್ದರೆ ಒಳಗೇ ಕಲ್ಲಾಗುತ್ತದೆ. ಮನೆಯವರಿಗೆ ಹೇಳಿಟ್ಟಿರಿ, ಐಸ್‌ಕ್ರೀಮ್ ಪಕ್ಕ ಇರೋದು ಅಂಟು ಅಂತ.